ಕಿಲುಬು ತೊಳೆದ ಸೋಮವಾರ

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ನನ್ನ ಮಾವ ಪುನರ್ಪುಳಿ ಪಾನಕದ ಎರಡನೆಯ ಲೋಟ ಕುಡಿದು ಕೆಳಗಿಟ್ಟರು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ ಅವರ ಹೊಸ ಕನ್ನಡಕ. ಅದನ್ನು ಹಾಕಿಕೊಂಡು ಜಗಲಿಯ ಬೆಂಚಿನಿಂದಲೇ ಒಳಗಿನ ಗೋಡೆ ಗಡಿಯಾರ ಓದಿ ತೋರಿಸುತ್ತಿದ್ದರು.

"ಮೂರೂ ಇಪ್ಪತ್ತು. ಸರಿಯಾ?" ಎಂದರು.

ಸರಿ ಎಂದೆ. ನನ್ನ ಪಾಲಿನ ಲೋಟ ನನ್ನ ಕೈಯಲ್ಲಿತ್ತು. ಒಣಗಿದ ಬಟ್ಟೆ ಮಡಿಸಿಟ್ಟು ನಿಧಾನವಾಗಿ ಕುಡಿಯೋಣ ಎಂದು ಅದನ್ನು ಕಿಟಕಿಯ ಮೇಲಿಟ್ಟೆ. ಆ ಲೋಟ ಕಿಟಕಿಯ ಮೇಲೆ ಕೂತ ರೀತಿ, ಅದರ ಕೆಂಪು ಬಣ್ಣ, ಹಿಂದಿನಿಂದ ಬಿದ್ದ ಬಿಸಿಲು, ಎಲ್ಲವೂ ಈಗಲೂ ಕಣ್ಣೆದುರು ಬರುತ್ತವೆ. ಬಸ್ಸಿನಲ್ಲಿ ಕೂತಿದ್ದಾಗ ಬರುತ್ತವೆ, ಸಾರಿಗೆ ಒಗ್ಗರಣೆ ಹಾಕುವಾಗಲೂ ಬರುತ್ತವೆ. ಒಂದೊಂದು ಸಲ ನೆನಪಿನಲ್ಲಿ ನಾನು ಆ ಲೋಟ ಎತ್ತಿ ಕುಡಿದೂ ಬಿಡುತ್ತೇನೆ.

ಆವತ್ತು ಬೆಳಿಗ್ಗೆ ಮಾವ ಕೊಪ್ಪಕ್ಕೆ ಹೋಗಿದ್ದರು. ಹಳೆಯ ಕನ್ನಡಕದ ಕಾಲು ಮುರಿದು ದಾರ ಕಟ್ಟಿಕೊಂಡು ವರ್ಷವೇ ಆಗಿತ್ತು. ಹೊರಡುವಾಗ ಅತ್ತೆ, "ಈ ವಯಸ್ಸಿಗೆ ಹೊಸ ಕನ್ನಡಕ ಹಾಕ್ಕೊಂಡು ಯಾರನ್ನ ನೋಡ್ಬೇಕೋ?" ಎಂದು ಚುಚ್ಚಿದ್ದರು. ಮಾವ ಉತ್ತರ ಕೊಡದೆ ಹೋಗಿದ್ದರು. ಉತ್ತರವನ್ನು ಕೊಪ್ಪದಿಂದ ಹೊತ್ತು ತಂದಿದ್ದರು. ಶೆಟ್ಟಿಕೊಪ್ಪದಲ್ಲಿ ಬಸ್ಸಿಳಿದು ಬೆವರು ಸುರಿಸಿಕೊಂಡು ಬಂದವರು ಚಪ್ಪಲಿ ಬಿಡುವ ಮೊದಲೇ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ವರ್ಷ ಎಂತಾ ಹೆಂಗಸಿನ ಜೊತೆ ಇದ್ದೆ ಅಂತ ಈಗ ಕಾಣ್ತಾ ಉಂಟು ಮಾರಾಯ್ತಿ," ಎಂದರು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನಗುತ್ತಲೇ ಒಳಗೆ ಹೋಗಿ ಪಾನಕ ಮಾಡಿ ತಂದರು.

ಎರಡನೆಯ ಲೋಟ ಇಡುವಾಗ ಮಾವ, "ಈ ಸಲದ ಪುನರ್ಪುಳಿ ಯಾಕೋ ಒಗರು," ಎಂದರು.

"ಕುಡಿದಾದ ಮೇಲೆ ಹೇಳಿ," ಎಂದರು ಅತ್ತೆ. ಅವರು ಕುಡಿಯಲಿಲ್ಲ. ಸೋಮವಾರ ಸಂಜೆ ಲಿಂಗಪೂಜೆ ಮುಗಿಯುವವರೆಗೆ ಅವರು ಏನನ್ನೂ ಬಾಯಿಗೆ ಹಾಕುವವರಲ್ಲ.

ಮಾವ ನಗುತ್ತಾ ಕೈಕಾಲು ತೊಳೆಯಲೆಂದು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನಲ್ಲೇ ಅಲ್ಲಿಂದ ವಾಂತಿಯ ಸದ್ದು ಕೇಳಿಸಿತು. ನಾವಿಬ್ಬರೂ ಓಡಿದೆವು. ಅವರು ತೋಟದ ಔಷಧಿ ಸಾಮಾನಿಡುವ ಕೊಟ್ಟಿಗೆಯ ಕಂಬ ಹಿಡಿದು ಬಗ್ಗಿದ್ದರು. ವಾಂತಿಯ ಬಣ್ಣ ಹಸಿರು ನೀಲಿ. ಅಂಥ ಬಣ್ಣ ಮನುಷ್ಯನ ಹೊಟ್ಟೆಯಿಂದ ಬರಬಹುದೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಆ ಪಾನಕಕ್ಕೆ ಹಾಕಿದ ನೀರಿನ ಕತೆ ಹೇಳಬೇಕು.

ಅಡಿಕೆ ಬೆಳೆಯುವ ನಮ್ಮ ಕಡೆ ಮಳೆಗಾಲದಲ್ಲಿ ಗೊನೆಗೆ ಕೊಳೆರೋಗ ಬಾರದಿರಲೆಂದು ಮೈಲುತುತ್ತ ಮತ್ತು ಸುಣ್ಣ ಕದಡಿ ಹೊಡೆಯುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಉಪ್ಪು, ನೀಲಿ ಹರಳು. ನೀರು ಹತ್ತಿರವಿರಲಿ ಎಂದು ನಮ್ಮಲ್ಲಿ ಅದನ್ನು ಕದಡುತ್ತಿದ್ದದ್ದು ಬಾವಿಕಟ್ಟೆಯ ಪಕ್ಕದಲ್ಲೇ. ಡ್ರಮ್ಮು ತೊಳೆದ ನೀರನ್ನು ಚೆಲ್ಲುತ್ತಿದ್ದದ್ದೂ ಅಲ್ಲೇ. ಮಾವನ ಅಪ್ಪನ ಕಾಲದಿಂದ ಹಾಗೆಯೇ ನಡೆದಿತ್ತು. ನನ್ನ ಗಂಡ ಬಾಳಗಡಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಒಂದು ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಾಗ ಅವರಿಗೆ ಅನುಮಾನ ಬಂತು. ಒಂದು ಕೊಡ ನೀರನ್ನು ಒಲೆಯ ಮೇಲಿಟ್ಟು ಲೋಟದಷ್ಟಾಗುವವರೆಗೆ ಕಾಯಿಸಿದರು. ಅದನ್ನು ಕಾಲೇಜಿನ ಲ್ಯಾಬಿಗೆ ಒಯ್ದು ಅಮೋನಿಯಾ ಹಾಕಿದರು. ನೀರು ನೀಲಿಗೆ ತಿರುಗಿತು. ತಾಮ್ರ ಇದ್ದರೆ ಹಾಗಾಗುತ್ತದೆ.

ಪೇಟೆಯಿಂದ ನೀರು ಶುದ್ಧ ಮಾಡುವ ಒಂದು ಯಂತ್ರ ತಂದು ಕೂರಿಸಬಹುದಿತ್ತು, ನಾನು ಹಾಗೆ ಹೇಳಿದ್ದೂ ಹೌದು. ಆದರೆ ಅವರಿಗೆ ಬೇರೆ ಹುಮ್ಮಸ್ಸು ಹಿಡಿದಿತ್ತು. ಬಾಳೆಹೊನ್ನೂರಿನಿಂದ ಕಾಫಿ ಹೊಟ್ಟು ತಂದರು, ಮಿಲ್ಲಿನಿಂದ ಭತ್ತದ ಉಮಿ ತಂದರು, ನಮ್ಮದೇ ಅಂಗಳದಲ್ಲಿ ಗುಡ್ಡೆ ಬಿದ್ದಿದ್ದ ಅಡಿಕೆ ಸಿಪ್ಪೆ ಕತ್ತರಿಸಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಮೂರನ್ನೂ ಬೇಯಿಸಿ, ತೊಳೆದು, ಒಣಗಿಸಿ, ತಾಮ್ರ ಬೆರೆಸಿದ ನೀರನ್ನು ಅವುಗಳ ಮೂಲಕ ಸೋಸಿ ನೋಡಿದರು. ಅವರು ಮಾಡಿದ ಹದದಲ್ಲಿ ಅಡಿಕೆ ಸಿಪ್ಪೆಯೇ ಗೆದ್ದಿತು. ಅಡಿಕೆಯನ್ನು ಕಾಪಾಡಲು ಹೊಡೆದ ವಿಷವನ್ನು ಅಡಿಕೆಯ ಸಿಪ್ಪೆಯೇ ವಾಪಸು ಎಳೆದುಕೊಳ್ಳುತ್ತದೆ ಎಂದು ಅವರು ಊಟಕ್ಕೆ ಕೂತಾಗೆಲ್ಲ ಹೇಳುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ಮದುವೆಯಲ್ಲೂ ನೋಡಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಬಿಳಿಯ ಡ್ರಮ್ಮು ಬಂತು. ಅಡಿಯಲ್ಲಿ ನಲ್ಲಿ, ಅದರ ಮೇಲೆ ಜಲ್ಲಿ, ಮರಳು, ಬಟ್ಟೆಯಲ್ಲಿ ಕಟ್ಟಿದ ಸಿಪ್ಪೆಯ ದಪ್ಪ ಗಂಟು. ಮೇಲಿಂದ ಬಾವಿ ನೀರು ಸುರಿದರೆ ಕೆಳಗೆ ಸೋಸಿ ಬರುತ್ತಿತ್ತು. ಆ ನೀರನ್ನು ಕಾಯಿಸಿ ಇಂಗಿಸಿ ಅಮೋನಿಯಾ ಹಾಕಿದರೆ ಬಣ್ಣವೇ ಬರಲಿಲ್ಲ. ಮಾವ ಮೊದಲ ಲೋಟ ಕುಡಿದು, "ಮೈಲುತುತ್ತದ ರುಚಿ ಇಲ್ಲದೆ ನೀರು ಸಪ್ಪೆ ಆಯ್ತು ಮೇಷ್ಟ್ರೇ," ಎಂದು ಮಗನನ್ನು ರೇಗಿಸಿದರು.

ಅತ್ತೆ ಮಾತ್ರ ಒಂದು ಪ್ರಶ್ನೆ ಕೇಳಿದ್ದರು. "ಸಿಪ್ಪೆ ಹಿಡ್ಕೊಂಡಿದ್ದು ಮತ್ತೆ ಬಿಡೋದಿಲ್ವನಾ?"

"ಇಲ್ಲಮ್ಮ. ಗಟ್ಟಿ ಹಿಡ್ಕೊಳ್ಳತ್ತೆ."

ಹಳೆಯ ಸಿಪ್ಪೆಯನ್ನು ಬಚ್ಚಲೊಲೆಗೆ ಹಾಕಬೇಡಿ, ದನಕ್ಕೆ ಸೋಕಿಸಬೇಡಿ, ಗೊಬ್ಬರದ ಗುಂಡಿಗೂ ಬೇಡ ಎಂದು ನನ್ನ ಗಂಡ ಎಲ್ಲವನ್ನೂ ಹೇಳಿದ್ದರು. ಆಗಾಗ ತಾವೇ ಗಂಟು ಬದಲಾಯಿಸಿ ಹಳೆಯದನ್ನು ಚೀಲದಲ್ಲಿ ಕಟ್ಟಿ ಬೇರೆ ಇಡುತ್ತಿದ್ದರು. ಮಾವ ಕನ್ನಡಕ ತಂದ ಆ ಏಪ್ರಿಲ್‌ನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋದರು. ಗಂಟು ಬದಲಾಯಿಸುವ ವಾರ ದಾಟಿತು. ಬಿಳಿ ಬಟ್ಟೆಯ ಮೇಲೆ ಹಸಿರು ಕಲೆ ಎದ್ದಿತು, ಸ್ವಲ್ಪ ಮುಗ್ಗಲು ವಾಸನೆಯೂ ಬಂತು.

ನಮ್ಮ ಮನೆಯಲ್ಲಿ ಪೂಜೆಗೆ ತಾಮ್ರದ ತಂಬಿಗೆ ಇದೆ. ಅದರ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಪ್ರತಿ ಸೋಮವಾರ ಬೆಳಿಗ್ಗೆ ಅತ್ತೆ ಹುಣಸೆಹುಳಿ ಹಚ್ಚಿ ಅದನ್ನು ಉಜ್ಜುತ್ತಾರೆ, ತಂಬಿಗೆ ಹೊಸದರಂತೆ ಕೆಂಪಾಗುತ್ತದೆ. ಕಿಲುಬು ಕಂಡರೆ ಹುಳಿ. ಇದನ್ನು ಅವರಿಗೆ ಅವರ ಅಮ್ಮ ಕಲಿಸಿದ್ದು, ಅವರು ನನಗೆ ಕಲಿಸಿದ್ದು. ಆ ಸೋಮವಾರವೂ ತಂಬಿಗೆ ಉಜ್ಜಿದರು. ಉಳಿದ ಹುಳಿಗೆ ಇನ್ನಷ್ಟು ಕಿವುಚಿ, ದೊಡ್ಡ ಪಾತ್ರೆ ತುಂಬ ಹುಳಿನೀರು ಮಾಡಿ, ಡ್ರಮ್ಮಿನ ಸಿಪ್ಪೆಯ ಮೇಲೆ ಸುರಿದು ಬಿಟ್ಟರು. ಹೊತ್ತು ಕಳೆದ ಮೇಲೆ ನಲ್ಲಿ ತಿರುಗಿಸಿ ಅದನ್ನು ಹೊರಗೆ ಚೆಲ್ಲಿ, ಒಂದು ಕೊಡ ನೀರು ಹಾಕಿ ತೊಳೆದರು. ಬಟ್ಟೆ ಬೆಳ್ಳಗಾಗಿತ್ತು. ಆಮೇಲೆ ಕುಡಿಯುವ ನೀರು ತುಂಬಿದರು. ಅದು ನಿಧಾನವಾಗಿ ಸೋಸಿ ಇಳಿಯುವವರೆಗೆ ಹಿಂದಿನ ದಿನ ಹಿಡಿದಿಟ್ಟ ನೀರನ್ನೇ ಬಳಸಿದೆವು. ನಾನು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದೆ. ತಂಬಿಗೆ ಉಜ್ಜುವುದನ್ನು ಪ್ರತಿ ವಾರ ನೋಡಿದ ಹಾಗೆಯೇ ಇದನ್ನೂ ನೋಡಿದೆ. ನಾನು ಬಿ.ಎಸ್ಸಿ. ಓದಿದವಳು.

ಸಿಪ್ಪೆ ಹಿಡಿದಿಟ್ಟ ತಾಮ್ರವನ್ನು ಆಮ್ಲ ಬಿಡಿಸುತ್ತದೆ. ಹುಳಿಯೂ ಆಮ್ಲವೇ. ವಾರಗಟ್ಟಲೆ ಕೂಡಿದ್ದೆಲ್ಲ ಒಂದೇ ಬೆಳಿಗ್ಗೆ ಸಡಿಲಾಗಿ, ಚೆಲ್ಲಿದ ನೀರಿನಲ್ಲಿ ಅರ್ಧ ಹೋಗಿ, ಉಳಿದದ್ದು ಸಿಪ್ಪೆಯ ಒದ್ದೆಯಲ್ಲೇ ಇತ್ತು. ಅದು ಕುಡಿಯುವ ನೀರಿಗೆ ಇಳಿಯಿತು. ಪುನರ್ಪುಳಿಯ ಕೆಂಪಿನಲ್ಲಿ ಅದರ ಬಣ್ಣ ಕಾಣಲಿಲ್ಲ, ಹುಳಿ ಮತ್ತು ಬೆಲ್ಲದಲ್ಲಿ ರುಚಿಯೂ ಪೂರ್ತಿ ತಿಳಿಯಲಿಲ್ಲ.

ಪಕ್ಕದ ಮನೆಯವರ ಜೀಪಿನಲ್ಲಿ ಮಾವನನ್ನು ಕೊಪ್ಪದ ಆಸ್ಪತ್ರೆಗೆ ಒಯ್ದೆವು. ಕಿಟಕಿಯ ಮೇಲಿದ್ದ ನನ್ನ ಲೋಟವನ್ನು ಹೊರಡುವಾಗ ನೋಡಿದೆ, ಯಾಕೋ ಕುಡಿಯದೆ ಚೆಲ್ಲಿಬಿಟ್ಟೆ. ಯಾಕೆಂದು ಆಗ ಹೇಳಲು ಬರುತ್ತಿರಲಿಲ್ಲ. ವೈದ್ಯರು ವಾಂತಿಯ ಬಣ್ಣ ನೋಡಿದವರೇ ನಮ್ಮ ಕಡೆ ತಿರುಗಿ, "ಮೈಲುತುತ್ತ ಕುಡಿದ್ರಾ? ಮನೇಲಿ ಏನಾದ್ರೂ ಜಗಳ ಆಗಿತ್ತಾ?" ಎಂದು ಕೇಳಿದರು. ಕೇಳುವುದು ಅವರ ಕೆಲಸ. ತೋಟದ ಮನೆಗಳಿಂದ ಅಂಥವರು ಬರುತ್ತಾರೆ. ಅತ್ತೆ ಅದನ್ನು ಕೇಳಿಸಿಕೊಂಡರು. ನನ್ನ ಕೈ ಹಿಡಿದಿದ್ದವರು ಬಿಟ್ಟು ಮಾವನ ಮಂಚದ ಕಡೆ ಹೋದರು.

ಕೊಪ್ಪದಿಂದ ಆಂಬುಲೆನ್ಸಿನಲ್ಲಿ ತೀರ್ಥಹಳ್ಳಿಯ ಮೇಲೆ ಶಿವಮೊಗ್ಗಕ್ಕೆ ಹೋದೆವು. ನನ್ನ ಗಂಡ ಆಸ್ಪತ್ರೆಯ ಗೇಟಿನಲ್ಲಿ ಕಾಯುತ್ತಿದ್ದರು, ಜೇಬಿನಲ್ಲಿ ತಿದ್ದುವ ಕೆಂಪು ಪೆನ್ನು ಹಾಗೇ ಇತ್ತು. ಮಾವನನ್ನು ಒಳಗೆ ಕರೆದೊಯ್ದ ಮೇಲೆ ನನ್ನನ್ನು ಒಂದು ಬದಿಗೆ ಕರೆದರು.

"ಎಂತ ಕುಡಿದರು?"

"ಪಾನಕ. ಡ್ರಮ್ಮಿನ ನೀರಿಂದು."

"ಡ್ರಮ್ಮಿಗೆ ಎಂತ ಮಾಡಿದಿರಿ?"

ಹೇಳಿದೆ. ಅವರು ಅಲ್ಲೇ ನೆಲದ ಮೇಲೆ ಕೂತರು. ತರಗತಿಯಲ್ಲಿ ಇದನ್ನೇ ಅವರು ಮಾಡಿ ತೋರಿಸುತ್ತಿದ್ದರಂತೆ. ತಾಮ್ರ ಹಿಡಿದ ಸಿಪ್ಪೆಗೆ ಆಮ್ಲ ಹಾಕಿ, ನೀಲಿ ನೀರು ಇಳಿಯುವುದನ್ನು ವಿದ್ಯಾರ್ಥಿಗಳಿಗೆ ತೋರಿಸಿ, ನೋಡಿ ಸಿಪ್ಪೆ ಮತ್ತೆ ಹೊಸದಾಯಿತು ಎನ್ನುತ್ತಿದ್ದರಂತೆ. ಮನೆಯಲ್ಲಿ ಅದನ್ನು ಹೇಳುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಕುಡಿಯುವ ನೀರಿಗೆ ಹುಳಿ ಯಾರು ಹಾಕುತ್ತಾರೆ?

"ಅಮ್ಮಂಗೆ ಗೊತ್ತಾಗಬಾರದು," ಎಂದರು. "ಸಿಪ್ಪೆ ಹಳೇದಾಗಿತ್ತು, ನಾನು ಬದಲಾಯಿಸಲಿಲ್ಲ. ಅಷ್ಟೇ ಆಗಿದ್ದು."

ಆಸ್ಪತ್ರೆಯಲ್ಲೂ ಪೊಲೀಸರಿಗೂ ಹಾಗೆಯೇ ಹೇಳಿದರು. ಊರಿಗೆ ಹೋಗಿ ಡ್ರಮ್ಮಿನ ನೀರಿಗೆ ಅಮೋನಿಯಾ ಹಾಕಿ ನೋಡಿ ಬಂದರು. ಕಾಯಿಸಿ ಇಂಗಿಸಬೇಕಾದ ಕೆಲಸವೇ ಇರಲಿಲ್ಲವಂತೆ, ಹಾಕಿದ ಕೂಡಲೇ ಶಾಯಿಯಂಥ ನೀಲಿ.

ಮಾವನಿಗೆ ಮೊದಲಿನ ದಿನಗಳಲ್ಲಿ ಪ್ರಜ್ಞೆ ಚೆನ್ನಾಗಿತ್ತು. ಕಣ್ಣು ಹಳದಿಯಾಗಿತ್ತು, ಮೂತ್ರ ಕಪ್ಪು ಚಹಾದಂತಾಗಿ ಆಮೇಲೆ ನಿಂತೇಹೋಯಿತು. ಆದರೂ ನನ್ನನ್ನು ಕಂಡು, "ನಿನ್ನ ಗಂಡ ನನ್ನ ಮೇಲೇ ಪ್ರಾಕ್ಟಿಕಲ್ ಮಾಡಿದ ನೋಡು. ಮಾರ್ಕ್ಸ್ ಎಷ್ಟು ಬಂತು ಕೇಳು," ಎಂದರು. ಮಗ ಹೊರಗೆ ಹೋಗಿ ನಿಂತರು. ಕನ್ನಡಕ ಎಲ್ಲಿ ಎಂದು ಮಾವ ಕೇಳಿದರು. ಡಬ್ಬಿಯಿಂದ ತೆಗೆದು ಹಾಕಿದೆ. ಅತ್ತೆಯನ್ನು ತುಂಬ ಹೊತ್ತು ನೋಡಿದರು. ಡಯಾಲಿಸಿಸ್ ಮಾಡಿದರು, ರಕ್ತ ಕೊಟ್ಟರು. ಸ್ವಲ್ಪ ಚೇತರಿಸಿಕೊಂಡರು ಎನ್ನುವಷ್ಟರಲ್ಲಿ ಒಂದು ಬೆಳಗಿನ ಜಾವ ಹೋದರು.

ನಮ್ಮಲ್ಲಿ ಸುಡುವುದಿಲ್ಲ. ತೋಟದ ಮೇಲಿನ ದಿಬ್ಬದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಹಾಕಿ ಸಮಾಧಿ ಮಾಡಿದೆವು. ಕನ್ನಡಕ ಜೊತೆಗೆ ಇಡುವುದೋ ಬೇಡವೋ ಎಂದು ಯಾರೋ ಕೇಳಿದರು. ಅತ್ತೆ ಕೈಚಾಚಿ ಅದನ್ನು ತೆಗೆದುಕೊಂಡರು.

ಮಾತಾಡಿಸಲು ಬಂದವರಲ್ಲಿ ಬಾಳೆಹೊನ್ನೂರಿನ ದೂರದ ನೆಂಟರೊಬ್ಬರಿದ್ದರು. ಅತ್ತೆ ಒಳಗಿದ್ದಾರೆಂದು ತಿಳಿದು ನನ್ನ ಕಿವಿಯ ಹತ್ತಿರ, "ಮೈಲುತುತ್ತ ಕುಡಿದದ್ದಂತೆ, ಹೌದನಾ? ಎಂತ ಮನಸ್ತಾಪ ಇತ್ತು?" ಎಂದರು. ಫಿಲ್ಟರ್ ಕೆಟ್ಟಿತ್ತು ಎಂದೆ. "ಹಂಗೇ ಹೇಳ್ಬೇಕು ಬಿಡು, ಮನೆ ಮರ್ಯಾದೆ," ಎಂದರು. ಅತ್ತೆ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು.

ಅಲ್ಲಿಂದ ಅವರು ನಿದ್ದೆ ಬಿಟ್ಟರು. ಅವರ ಕೋಣೆಯ ದೀಪ ಉರಿಯುತ್ತಲೇ ಇರುತ್ತಿತ್ತು. ಈ ಕಡೆ ನನ್ನ ಗಂಡ ಚಾವಣಿ ನೋಡುತ್ತಾ ಮಲಗಿರುತ್ತಿದ್ದರು, ಅವರ ಪಕ್ಕದಲ್ಲಿ ನಾನು ಕಿಟಕಿಯ ಮೇಲಿನ ಲೋಟ ನೋಡುತ್ತಾ ಮಲಗಿರುತ್ತಿದ್ದೆ. ಮೂವರೂ ಎಚ್ಚರವಿದ್ದೇವೆಂದು ಮೂವರಿಗೂ ಗೊತ್ತಿತ್ತು.

ಒಂದು ದಿನ ಶೃಂಗೇರಿಗೆ ಹೋಗಿ ಬರೋಣ ಬನ್ನಿ ಎಂದು ಅತ್ತೆಯನ್ನು ಹೊರಡಿಸಿದೆ. ಮನಸ್ಸಿಗೆ ಬೇರೆ ಗಾಳಿ ಬೀಸಲಿ ಎಂಬುದಷ್ಟೇ. ಹೊಳೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುತ್ತಿದ್ದವರು ತಟ್ಟನೆ ಕೇಳಿದರು.

"ಅವತ್ತು ಕನ್ನಡಕದ ಮಾತು ನಾನು ಆಡಬಾರದಿತ್ತಲ್ವ?"

"ಯಾಕತ್ತೆ, ಅದಕ್ಕೆ ಮಾವ ತಮಾಷೆ ಮಾಡಿ ನಗಿಸಿದ್ದರಲ್ಲ."

"ನಗ್ತಾನೇ ಕೊಟ್ಟಿಗೆ ಕಡೆ ಹೋದ್ರು. ಮೈಲುತುತ್ತದ ಚೀಲ ಅಲ್ಲೇ ಇರೋದು. ನಕ್ಕು ಹೋದವರೇ ಹಂಗೆ ಮಾಡ್ಕೊಳ್ಳೋದಂತೆ." ಆಮೇಲೆ ನಿಧಾನವಾಗಿ, "ಸಿಪ್ಪೆ ಹಳೇದಾಗಿತ್ತು ಅಂತ ಮಗ ಹೇಳ್ತಾನೆ. ನಾನು ಅವತ್ತೇ ತೊಳೆದಿದ್ದೆ. ಹೆತ್ತವಳ ಹತ್ರ ಸುಳ್ಳು ಹೇಳೋದಕ್ಕೆ ಬರೋದಿಲ್ಲ ಅವನಿಗೆ. ಅಪ್ಪ ಮಾಡ್ಕೊಂಡಿದ್ದನ್ನ ಮುಚ್ಚಿಡ್ತಾ ಇದಾನೆ."

ಅಮ್ಮನಿಗೆ ನೋವಾಗದಿರಲೆಂದು ಮಗ ಹೊತ್ತ ಸುಳ್ಳು ಅವರನ್ನು ಇಂಥ ಜಾಗಕ್ಕೆ ತಳ್ಳಿತ್ತು. ನಿಜ ಹೇಳಿದರೆ ಗಂಡನಿಗೆ ವಿಷ ಕೊಟ್ಟ ಕೈ ಅವರದೇ ಆಗುತ್ತದೆ. ಹೇಳದಿದ್ದರೆ ಗಂಡ ತಮ್ಮ ಮಾತಿಗೆ ನೊಂದು ಪ್ರಾಣ ಬಿಟ್ಟರೆಂದು ನಂಬಿಕೊಂಡೇ ಬದುಕಬೇಕು. ಮನೆಗೆ ಬಂದು ಗಂಡನಿಗೆ ಹೇಳಿದೆ. "ನನ್ನ ಕೈಲಿ ಆಗಲ್ಲ," ಎಂದರು. "ನೀನೂ ಹೇಳಬೇಡ." ಅವರ ಮುಖ ನೋಡಿ ನಾನು ಹೇಳಲಿಲ್ಲ. ಮಳೆಗಾಲ ಹಾಗೆಯೇ ಕಳೆಯಿತು. ಕುಡಿಯಲು ಪಂಚಾಯಿತಿಯ ನಲ್ಲಿ ನೀರು ತರುತ್ತಿದ್ದೆವು. ಡ್ರಮ್ಮನ್ನು ಒಡೆಯಲೂ ಇಲ್ಲ, ಬಳಸಲೂ ಇಲ್ಲ.

ಕಾರ್ತಿಕ ಬಂತು. ಮಾವ ಹೋದಾಗಿನಿಂದ ತಂಬಿಗೆ ಉಜ್ಜದೆ ಕಪ್ಪುಹಸಿರಾಗಿ ದೇವರ ಗೂಡಿನಲ್ಲಿ ಕೂತಿತ್ತು. ಮೊದಲ ಸೋಮವಾರ ಬೆಳಿಗ್ಗೆ ಅತ್ತೆ ಅದನ್ನೆತ್ತಿಕೊಂಡು, ಹುಣಸೆಹುಳಿ ನೆನೆಸಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತರು. ಬಹಳ ದಿನದ ಕಿಲುಬು, ಹುಳಿ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೀರು ಸುರಿದರು. ಬಿಳಿಯ ಕಲ್ಲಿನ ಮೇಲೆ ಹಸಿರು ನೀಲಿ ನೀರು ಹರಿಯಿತು.

ಅವರು ಉಜ್ಜುವುದನ್ನು ನಿಲ್ಲಿಸಿದರು. ನಾನು ಬಕೆಟ್ ಹಿಡಿದು ಬಂದವಳು ಅಲ್ಲೇ ನಿಂತೆ.

"ಅವತ್ತು ಡ್ರಮ್ಮಿಂದ ಚೆಲ್ಲಿದ್ದೂ ಹಿಂಗೇ ಇತ್ತು," ಎಂದರು. "ಕೊಳೆ ಹೋಯ್ತು ಅಂತ ಖುಷಿಪಟ್ಟಿದ್ದೆ."

ನಾನು ಬಕೆಟ್ ಕೆಳಗಿಟ್ಟೆ.

"ಅವರು ವಾಂತಿ ಮಾಡಿದ್ದೂ ಇದೇ ಬಣ್ಣ. ಹೌದಾ ಅಲ್ವಾ ಹೇಳು."

"ಹೌದು ಅತ್ತೆ."

"ಎಲ್ಲಾ ಹೋಗಿರಲಿಲ್ಲ. ಸಿಪ್ಪೆಲಿ ಉಳಿದಿತ್ತು. ಅದನ್ನೇ ಪಾನಕ ಮಾಡಿ ಕೊಟ್ಟೆ."

ನನ್ನ ತಲೆ ಅಲ್ಲಾಡಿತೋ ಇಲ್ಲವೋ ನೆನಪಿಲ್ಲ. ಅವರಿಗೆ ಉತ್ತರ ಸಿಕ್ಕಿತು. ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ಸೀರೆಯಲ್ಲಿ, ಎರಡೂ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾ ಕೂತರು. ಹುಳಿ ಮೆತ್ತಿದ್ದ ಕೈ. ಬಿಸಿಲು ಕಲ್ಲಿನಿಂದ ಅವರ ಕಾಲಿನವರೆಗೂ ಸರಿಯಿತು. ಆಮೇಲೆ ಬಂದ ಅಳುವನ್ನು ನಾನು ಸಮಾಧಿಯ ದಿನವೂ ಕೇಳಿರಲಿಲ್ಲ. ನಾನು ಕೆಳಗೆ ಕೂತು ಅವರನ್ನು ಹಿಡಿದುಕೊಂಡೆ. ಅಳುವಿನ ನಡುವೆ ಅವರು ಹೇಳಿದ ಮಾತು ಹಿಡಿಯಲು ನನಗೆ ಹೊತ್ತು ಬೇಕಾಯಿತು.

"ಹಂಗಾದ್ರೆ ಅವರಾಗಿ ಕುಡಿದದ್ದಲ್ಲ. ನನ್ನ ಮೇಲೆ ಬೇಜಾರಾಗಿ ಹೋದದ್ದಲ್ಲ. ನಾನು ಕೊಟ್ಟೆ ಅಂತ ಕುಡಿದ್ರು. ಒಗರು ಅಂತ ಹೇಳ್ತಾನೂ ಪೂರ್ತಿ ಕುಡಿದ್ರು."

ಆ ಮಾತಿನಲ್ಲಿ ಸಮಾಧಾನ ಎಷ್ಟಿತ್ತು, ಸಂಕಟ ಎಷ್ಟಿತ್ತು ಎಂದು ನನಗೆ ಇವತ್ತಿಗೂ ಬಿಡಿಸಿ ಹೇಳಲು ಬರುವುದಿಲ್ಲ.

ಸಂಜೆ ನನ್ನ ಗಂಡ ಬಾಳಗಡಿಯಿಂದ ಬಂದು ಬೈಕ್ ನಿಲ್ಲಿಸಿದಾಗ ಅತ್ತೆ ಜಗಲಿಯ ಬೆಂಚಿನ ಮೇಲೆ, ಮಾವ ಕೂರುವ ಜಾಗದಲ್ಲಿ ಕೂತಿದ್ದರು.

"ಬಿಡೋದಿಲ್ಲ ಅಂದಿದ್ಯಲ್ಲೋ. ಹುಳಿ ಹಾಕಿದ್ರೆ ಬಿಡ್ತದೆ ಅಂತ ಯಾಕೆ ಹೇಳ್ಲಿಲ್ಲ?"

ಅವರು ಹೆಲ್ಮೆಟ್ ತೆಗೆಯಲಿಲ್ಲ. ಹಾಗೇ ನಿಂತು, "ಹೊಳೀಲಿಲ್ಲಮ್ಮ," ಎಂದರು.

"ನನಗೂ ಹೊಳೀಲಿಲ್ಲ." ಆಮೇಲೆ ಕೈ ಚಾಚಿ, "ಒಬ್ಬನೇ ಇಟ್ಕೊಂಡು ಸೊರಗಿದ್ದೀಯ. ಬಾ ಇಲ್ಲಿ," ಎಂದರು.

ಅವರು ಹೋಗಿ ಅಮ್ಮನ ಕಾಲ ಹತ್ತಿರ ಕೂತರು. ಹೆಲ್ಮೆಟ್ಟನ್ನು ಅತ್ತೆಯೇ ಬಿಚ್ಚಿದರು. ನಾನು ಒಳಗೆ ಹೋದೆ.

ಪೂಜೆ ಮುಗಿಸಿ ಅತ್ತೆ ದೇವರ ಗೂಡಿನಲ್ಲಿ ಬೆಳಗಿದ ತಂಬಿಗೆ ಇಟ್ಟರು, ಪಕ್ಕದಲ್ಲಿ ಕನ್ನಡಕದ ಡಬ್ಬಿ ಇಟ್ಟರು. ಊಟಕ್ಕೆ ಕೂತಾಗ ಮಗನಿಗೆ, ಡ್ರಮ್ಮು ಬೇರೆಯವರ ಮನೆಗೆ ಕೊಡುವುದಾದರೆ ತಾನೂ ಜೊತೆಗೆ ಬಂದು ಅಲ್ಲಿಯ ಹೆಂಗಸರಿಗೆ ಹುಳಿಯ ವಿಷಯ ಹೇಳಬೇಕು ಎಂದರು. ಅವರು ಅಮ್ಮನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಆವತ್ತು ಅತ್ತೆಯ ಕೋಣೆಯ ದೀಪ ಬೇಗ ಆರಿತು. ನಾನು ಎಚ್ಚರವಿದ್ದು ಕಾಯುವವಳೇ ಇದ್ದೆ. ಕಿಟಕಿಯ ಲೋಟವೂ ಬಂತು, ಅದರ ಹಿಂದೆ ಬಿಸಿಲೂ ಬಂತು. ಆದರೆ ಅದನ್ನು ಎತ್ತಿಕೊಳ್ಳುವ ಮೊದಲೇ ಎಲ್ಲೋ ಕಣ್ಣು ಹತ್ತಿರಬೇಕು. ಎದ್ದಾಗ ಪೂರ್ತಿ ಬೆಳಗಾಗಿತ್ತು. ಗಂಡ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದರು. ಗಾಬರಿಯಾಗಿ ಅತ್ತೆಯ ಬಾಗಿಲಿಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ, ಕೈ ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದ್ದರು. ಉಸಿರಿಗೆ ಹೆಗಲು ಏರಿ ಇಳಿಯುವುದು ಕಾಣುವವರೆಗೆ ಬಾಗಿಲಲ್ಲೇ ನಿಂತಿದ್ದೆ.